ಸುಣ್ಣಕಟ್ಟು ಗೊತ್ತಿರುವ ಮಗುವಿಗೆ ಎಂ.ಎಸ್ಸಿ. ಯಾಕೆ ದೂರ?



"ಕನ್ನಡ ಶಾಲೇಲಿ ಓದಿದ್ರೆ ಮುಂದೆ ಸೈನ್ಸ್ ತಗೊಳ್ಳೋಕಾಗಲ್ಲ ಮೇಷ್ಟ್ರೇ, ಬಯಾಲಜಿ ಅಂತೂ ಮುಗೀತು." ಪ್ರತಿ ವರ್ಷ ಜೂನ್ ತಿಂಗಳ ದಾಖಲಾತಿ ಹೊತ್ತಿಗೆ ಉದ್ದನಪಲ್ಲಿ ಸುತ್ತಮುತ್ತ ನಾವು ಕೇಳುವ ಮಾತಿದು. ಹೇಳುವವರು ಕನ್ನಡದ ಶತ್ರುಗಳಲ್ಲ, ಕನ್ನಡವನ್ನೇ ಮನೆಮಾತಾಗಿ ಆಡುವ ಅಪ್ಪ ಅಮ್ಮಂದಿರು. ಮಾತು ಮುಗಿಸಿ ಮಗುವನ್ನು ವ್ಯಾನು ಹತ್ತಿಸುತ್ತಾರೆ. ನಮ್ಮ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆಯಾಗುತ್ತದೆ.

ಈ ಮಾತಿಗೆ ಎರಡು ಬಗೆಯ ಉತ್ತರ ಚಾಲ್ತಿಯಲ್ಲಿದೆ. ಮೊದಲನೆಯದು, "ಹೌದು, ಕನ್ನಡ ಮಾಧ್ಯಮಕ್ಕೆ ಕಾಲ ಮುಗಿಯಿತು, ಮುಚ್ಚಿಬಿಡಿ." ಎರಡನೆಯದು, "ಕನ್ನಡವೊಂದೇ ಸಾಕು, ಇಂಗ್ಲಿಷ್ ಯಾಕೆ?" ಎರಡನೆಯದನ್ನು ಹೇಳುವವರಲ್ಲಿ ಅನೇಕರ ಮಕ್ಕಳು ಕಾನ್ವೆಂಟಿನಲ್ಲಿ ಓದುತ್ತಿರುತ್ತಾರೆ ಎಂಬುದು ಬೇರೆ ಮಾತು! ನಮ್ಮ ಪ್ರಕಾರ ಎರಡೂ ತಪ್ಪು. ನಾವು ಟಿ.ಸಿ.ಎಚ್., ಬಿ.ಎ. ಓದಿದವರು, ಜೀವವಿಜ್ಞಾನದ ಪಂಡಿತರಲ್ಲ. ಆದರೆ ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನು ದಿನಾ ನೋಡುವವರು. ಆ ಅಧಿಕಾರದಿಂದಲೇ ಇದನ್ನು ಬರೆಯುತ್ತಿದ್ದೇವೆ.

ಮೊದಲು, ನಮ್ಮ ಮಕ್ಕಳಿಗೆ ಜೀವವಿಜ್ಞಾನ ಬರುವುದಿಲ್ಲವೇ ಎಂಬ ಪ್ರಶ್ನೆ. ಕೃಷ್ಣಗಿರಿ ಜಿಲ್ಲೆ ರೇಷ್ಮೆಯ ಸೀಮೆ. ರೇಷ್ಮೆ ಸಾಕುವ ಮನೆಯ ಹತ್ತು ವರ್ಷದ ಮಗುವಿಗೆ ಹುಳು ನಾಲ್ಕು ಜ್ವರ ಕಳೆದೇ ಗೂಡು ಕಟ್ಟುತ್ತದೆ ಎಂದು ಗೊತ್ತು. ಗಂಟುರೋಗ ಬೇರೆ, ಸಪ್ಪೆರೋಗ ಬೇರೆ, ಸುಣ್ಣಕಟ್ಟು ಬೇರೆ ಎಂದೂ ಗೊತ್ತು. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾಗುವ ಆ ಸುಣ್ಣಕಟ್ಟು ರೋಗ ಸಣ್ಣ ವಿಷಯವಲ್ಲ ಸ್ವಾಮಿ! 1835ರಲ್ಲಿ ಇಟಲಿಯ ಅಗೊಸ್ತಿನೊ ಬಾಸಿ ಎಂಬಾತ ಈ ರೋಗಕ್ಕೆ ಕಾರಣ ಒಂದು ಶಿಲೀಂಧ್ರ ಎಂದು ತೋರಿಸಿದ. ಕಣ್ಣಿಗೆ ಕಾಣದ ಜೀವಿ ಪ್ರಾಣಿಗೆ ರೋಗ ತರುತ್ತದೆ ಎಂದು ಪ್ರಯೋಗದಿಂದ ಸಾಬೀತಾದ ಮೊದಲ ಪ್ರಕರಣಗಳಲ್ಲಿ ಇದೂ ಒಂದು. ಆ ಶಿಲೀಂಧ್ರಕ್ಕೆ ಇಂದಿಗೂ ಅವನದೇ ಹೆಸರಿದೆ, ಬ್ಯೂವೇರಿಯಾ ಬಾಸಿಯಾನಾ. ಮೂವತ್ತು ವರ್ಷಗಳ ನಂತರ, 1865ರಲ್ಲಿ, ಲೂಯಿ ಪಾಶ್ಚರ್ ಕೈಗೆತ್ತಿಕೊಂಡದ್ದು ಗಂಟುರೋಗವನ್ನು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನಷ್ಟೇ ಉಳಿಸಿಕೊಳ್ಳುವ ವಿಧಾನ ಅವನದು. ಎಂ.ಎಸ್ಸಿ. ತರಗತಿಯ ಸೂಕ್ಷ್ಮಜೀವಿ ಶಾಸ್ತ್ರ ಶುರುವಾಗುವುದೇ ಇಂಥ ಕಡೆಯಿಂದ. ನಮ್ಮ ಮಗು ಆ ಬಾಗಿಲಲ್ಲಿ ಹುಟ್ಟಿನಿಂದಲೇ ನಿಂತಿದೆ. ಒಳಗೆ ಬಿಡುವವರಿಲ್ಲ, ಅಷ್ಟೆ.

ಹಾಗಾದರೆ ಅಡ್ಡಿ ಎಲ್ಲಿದೆ? ಅಡ್ಡಿ ಇರುವುದು ಏಣಿಯಲ್ಲಿ. ಎಲೆ ಬಿಸಿಲಿನಿಂದ ಆಹಾರ ತಯಾರಿಸುವುದನ್ನು ಮಗು ನಮ್ಮಲ್ಲಿ "ದ್ಯುತಿಸಂಶ್ಲೇಷಣೆ" ಎಂದು ಕಲಿಯುತ್ತದೆ. ಮೇಲಿನ ತರಗತಿಗೆ ಕನ್ನಡ ಮಾಧ್ಯಮ ಸಿಗದೆ ತಮಿಳು ಮಾಧ್ಯಮಕ್ಕೆ ಹೋದರೆ ಅದೇ "ಒಳಿಚ್ಚೇರ್ಕೈ". ಬಿ.ಎಸ್ಸಿ.ಗೆ ಹೋದರೆ "ಫೋಟೋಸಿಂಥೆಸಿಸ್". ಎಲೆ ಒಂದೇ, ಬಿಸಿಲು ಒಂದೇ, ಹೆಸರು ಮೂರು! ಒಂದೊಂದು ಮೆಟ್ಟಿಲಲ್ಲೂ ಮಗು ಗೊತ್ತಿರುವುದನ್ನೇ ಗೊತ್ತಿಲ್ಲದವನಂತೆ ಮತ್ತೆ ಕಲಿಯಬೇಕು. ಈ ಮೂರು ಹೆಸರು ಒಂದೇ ಎಂದು ಹೇಳುವ ಒಂದು ಪುಟ ಕೂಡ ಅದರ ಕೈಯಲ್ಲಿರುವುದಿಲ್ಲ. ಆಮೇಲೆ ಫಲಿತಾಂಶ ನೋಡಿ "ಕನ್ನಡ ಶಾಲೆ ಮಗು, ದಡ್ಡ" ಎನ್ನುತ್ತೇವೆ.

ತಮಿಳು ಕಲಿಯುವುದಕ್ಕೆ ನಮ್ಮ ವಿರೋಧವಿಲ್ಲ. 2006ರ ತಮಿಳು ಕಲಿಕೆ ಕಾಯಿದೆ ಬಂದ ಮೇಲೆ ನಮ್ಮ ಮಕ್ಕಳು ಒಂದನೇ ತರಗತಿಯಿಂದ ತಮಿಳು ಕಲಿಯುತ್ತಿದ್ದಾರೆ. ನೆಲದ ಭಾಷೆ, ಬರಲೇಬೇಕು. ಆದರೆ ಭಾಷೆ ಕಲಿಸುವುದು ಬೇರೆ, ಕಲಿತ ವಿಜ್ಞಾನವನ್ನು ಅರ್ಧ ದಾರಿಯಲ್ಲಿ ಕಿತ್ತುಕೊಳ್ಳುವುದು ಬೇರೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕೊಡಬೇಕು ಎನ್ನುತ್ತದೆ. ಪ್ರಾಥಮಿಕ ಹಂತ ದಾಟಿದ ಮೇಲೆ? ಅಲ್ಲಿಗೆ ಸಂವಿಧಾನ ಸುಮ್ಮನಾಗುತ್ತದೆ, ಸರ್ಕಾರಗಳೂ ಸುಮ್ಮನಾಗುತ್ತವೆ.

ಈಗ ಪರೀಕ್ಷೆಗಳ ಕಡೆ ಬರೋಣ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ 2017ರಿಂದ ಕನ್ನಡವೂ ಇದೆ. ಸಂತೋಷ! ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ತಮಿಳುನಾಡಿನ ಕೇಂದ್ರದಲ್ಲಿ ಇಂಗ್ಲಿಷ್, ಹಿಂದಿ, ತಮಿಳು. ನಮ್ಮ ಮಗು ಕನ್ನಡದಲ್ಲಿ ಬರೆಯಬೇಕಾದರೆ ಗಡಿ ದಾಟಿ ಹೋಗಬೇಕು. ಹಿಂದಿಯ ಮಗುವಿಗೆ ದೇಶದ ಯಾವ ಮೂಲೆಯಲ್ಲಾದರೂ ಹಿಂದಿ ಪತ್ರಿಕೆ ಸಿಗುತ್ತದೆ. ಭಾಷೆಗೆ ಗಡಿಗೆರೆ ಹಾಕಿದ್ದು ಯಾರು, ಕನ್ನಡಕ್ಕೆ ಮಾತ್ರ ಅತ್ತಿಬೆಲೆಯ ಟೋಲ್‌ಗೇಟು ಯಾಕೆ?

ಗಡಿ ದಾಟಿ ಓದಿಯೇ ಬಿಡೋಣ ಎಂದರೆ ಅಲ್ಲಿಯೂ ಇಕ್ಕಟ್ಟು. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಪ್ರವೇಶದಲ್ಲಿ ಶೇ. 7.5 ಸೀಟು ಮೀಸಲಿಟ್ಟಿತು. 2021ರಲ್ಲಿ ಕೃಷಿ, ಪಶುವೈದ್ಯ, ಮೀನುಗಾರಿಕೆ, ಎಂಜಿನಿಯರಿಂಗ್‌ಗೂ ವಿಸ್ತರಿಸಿತು. ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಆರರಿಂದ ಹನ್ನೆರಡರವರೆಗೆ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿರಬೇಕು. ಕನ್ನಡದಲ್ಲೇ ಹೈಸ್ಕೂಲು ಓದಲೆಂದು ಆನೇಕಲ್ ಕಡೆಗೆ ಹೋದ ಮಗು ಅದನ್ನು ಕಳೆದುಕೊಳ್ಳುತ್ತದೆ. ಕರ್ನಾಟಕದ ಸಿಇಟಿಯ ಸಾಮಾನ್ಯ ಅರ್ಹತೆಗೆ ಅಲ್ಲಿ ಏಳು ವರ್ಷ ಓದಿರಬೇಕು, ಅದೂ ಆಗಿರುವುದಿಲ್ಲ. ಉಳಿಯುವುದು ಹೊರನಾಡು, ಗಡಿನಾಡು ಕನ್ನಡಿಗರ ಕಲಂ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಕನ್ನಡ ಶಾಲೆಯ ಮಗುವಿಗೆ ಇದೇನೂ ಕಷ್ಟವಲ್ಲ. ಕಷ್ಟವೆಂದರೆ ಇಂಥದ್ದೊಂದು ಕಲಂ ಇದೆ ಎಂದು ಊರಿಗೆ ಬಂದು ಹೇಳುವವರಿಲ್ಲ.

ಇನ್ನು ಸ್ನಾತಕೋತ್ತರ. ಐಐಟಿ, ಐಐಎಸ್‌ಸಿಗಳಿಗೆ ದಾರಿಯಾದ ಜಾಮ್ ಪರೀಕ್ಷೆ ಇಂಗ್ಲಿಷಿನಲ್ಲಿ. ಜೈವಿಕ ತಂತ್ರಜ್ಞಾನದ ಎಂ.ಎಸ್ಸಿ.ಗೆ ಇರುವ ಗ್ಯಾಟ್-ಬಿ ಕೂಡ ಇಂಗ್ಲಿಷಿನಲ್ಲಿ. ಎಂ.ಎಸ್ಸಿ. ಆದ ಮೇಲೆ ಬರೆಯುವ ಸಿಎಸ್ಐಆರ್ ನೆಟ್ ಜೀವವಿಜ್ಞಾನ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಎಂದು 2023ರ ಏಪ್ರಿಲ್‌ನಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಿಗೆ ಹೇಳಿತು. ಕೇಳಲು ಚೆನ್ನಾಗಿದೆ. ಆದರೆ "ಸ್ಥಳೀಯ" ಎಂದರೆ ಯಾವುದು? ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದಲ್ಲಿ ಸ್ಥಳೀಯ ಎಂದರೆ ತಮಿಳು. ಬೆಂಗಳೂರಿನಲ್ಲಿ ನಮ್ಮ ಮಗು ಹೊರರಾಜ್ಯದ್ದು. ಎಲ್ಲ ಕಡೆಯೂ ಸ್ಥಳ ಇದೆ, ನಮ್ಮ ಮಗುವಿಗೆ ಮಾತ್ರ ಸ್ಥಳೀಯ ಭಾಷೆ ಇಲ್ಲ!

"ಜಗತ್ತಿನ ಸಂಶೋಧನಾ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿ ಎಂ.ಎಸ್ಸಿ. ಮಾಡಿ ಏನು ಮಾಡುತ್ತೀರಿ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವು ಕೇಳುತ್ತಿರುವುದು ಇಂಗ್ಲಿಷ್ ಬೇಡ ಎಂದಲ್ಲ. ಸಂಶೋಧನೆ ಮಾಡುವವರಿಗೆ ಇಂಗ್ಲಿಷ್ ಬೇಕೇ ಬೇಕು. ಆದರೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿದರೆ ಅದು ಬರುತ್ತದೆ. ಅದಕ್ಕಾಗಿ ಆರು ವರ್ಷದ ಮಗುವಿಗೆ ಬೇರು, ಕಾಂಡ, ಎಲೆಗಳನ್ನೂ ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿಸಬೇಕಿಲ್ಲ. ಉರು ಹೊಡೆದವರು ಪರೀಕ್ಷೆ ಪಾಸಾಗುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಪ್ರಶ್ನೆ ಕೇಳದವರಿಗೆ ಸಂಶೋಧನೆಯಲ್ಲಿ ಏನು ಕೆಲಸ? ಇತ್ತ ಮಧ್ಯಪ್ರದೇಶ 2022ರಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳ ಎಂ.ಬಿ.ಬಿ.ಎಸ್. ಪುಸ್ತಕಗಳನ್ನು ಹಿಂದಿಯಲ್ಲಿ ತಂದಿತು. ಹಿಂದಿಗೆ ಆಗುವುದು ಕನ್ನಡಕ್ಕೆ ಆಗುವುದಿಲ್ಲ ಎನ್ನಲು ಕಾರಣ ಹೇಳಿ.

ಕನ್ನಡಕ್ಕೆ ಶಕ್ತಿ ಇಲ್ಲವೆನ್ನುವವರು ಬಿ.ಜಿ.ಎಲ್. ಸ್ವಾಮಿಯವರನ್ನು ನೆನೆಯಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ದುಡಿದವರು. ಇದೇ ತಮಿಳುನಾಡಿನಲ್ಲಿ ಇದ್ದುಕೊಂಡು, ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ್ದನ್ನು "ಹಸುರು ಹೊನ್ನು" ಮಾಡಿ ಕನ್ನಡಕ್ಕೆ ಕೊಟ್ಟರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾಲೇಜಿನ ಸಸ್ಯಶಾಸ್ತ್ರ ಕನ್ನಡದಲ್ಲಿ ನಗುತ್ತಾ ನಡೆಯಬಲ್ಲದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಪೋಷಕರಿಗೂ ಒಂದು ಮಾತು. ಬಯಾಲಜಿ ಎಂದರೆ ಡಾಕ್ಟರ್ ಮಾತ್ರ ಎಂಬ ಲೆಕ್ಕ ಬಿಡಿ. ಹೊಸೂರಿನಲ್ಲೇ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರವಿದೆ, ಹಿಪ್ಪುನೇರಳೆ ಮತ್ತು ರೇಷ್ಮೆಹುಳುವಿನ ತಳಿಗಳನ್ನು ಕಾಪಾಡುವ ಜಾಗ. ಮತ್ತಿಗಿರಿಯಲ್ಲಿ ಕೋಳಿ ಸಾಕಣೆಯ ಪದವಿ ಕಾಲೇಜಿದೆ. ಬಸ್ಸು ಹತ್ತಿದರೆ ಬೆಂಗಳೂರು, ಅಲ್ಲಿ ಜಿಕೆವಿಕೆ, ಅದರ ಆವರಣದಲ್ಲೇ ಎನ್‌ಸಿಬಿಎಸ್, ಆಚೆಗೆ ಐಐಎಸ್‌ಸಿ. ಐಐಎಸ್‌ಸಿಯ ರಾಘವೇಂದ್ರ ಗದಗ್‌ಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ್ದು ನಮ್ಮ ಕಡೆಯ ಸೂರಿನಲ್ಲೂ ಗೂಡು ಕಟ್ಟುವಂಥ ಕಣಜವನ್ನು! ಎಂ.ಎಸ್ಸಿ. ಮುಗಿಸಿ ನೆಟ್‌ನಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ. ಓದಲಿಕ್ಕೆ ಸಂಬಳ ಕೊಡುತ್ತಾರೆ ಎಂಬುದನ್ನು ನಮ್ಮೂರಿನ ಎಷ್ಟು ಮನೆಗಳಿಗೆ ಯಾರು ಹೇಳಿದ್ದಾರೆ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ.

ಒಂದು, ತಮಿಳುನಾಡಿನ ಗಡಿ ಜಿಲ್ಲೆಗಳ ನೀಟ್ ಕೇಂದ್ರಗಳಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಕೊಡಬೇಕು. ಪತ್ರಿಕೆ ಈಗಾಗಲೇ ತಯಾರಿದೆ, ಹೊಸದಾಗಿ ಬರೆಯಬೇಕಿಲ್ಲ, ಒಂದು ಕಟ್ಟು ಇತ್ತ ಕಳಿಸಬೇಕು ಅಷ್ಟೆ.

ಎರಡು, ಆರರಿಂದ ಹತ್ತರವರೆಗಿನ ನಮ್ಮ ವಿಜ್ಞಾನ ಪುಸ್ತಕಗಳ ಪ್ರತಿ ಪಾಠದ ಕೊನೆಗೆ ಕನ್ನಡ, ತಮಿಳು, ಇಂಗ್ಲಿಷ್ ಮೂರು ಸಾಲಿನ ಪದಪಟ್ಟಿ ಇರಬೇಕು.

ಮೂರು, ಸಿಎಸ್ಐಆರ್ ನೆಟ್‌ಗೆ ಹಿಂದಿ ಇದೆ ಎಂದ ಮೇಲೆ ಕನ್ನಡವೂ ಇರಬೇಕು.

ನಾಲ್ಕು, ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಶಾಲೆಗೆ ಒಂದೊಂದು ಒಳ್ಳೆಯ ಸೂಕ್ಷ್ಮದರ್ಶಕ ಕೊಡಿಸಲಿ. ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ಕನ್ನಡದ ಹುಡುಗ ಹುಡುಗಿಯರು ತಿಂಗಳಿಗೊಮ್ಮೆ ನಮ್ಮ ತರಗತಿಗೆ ಬರಲಿ.

ರಾಜ್ಯೋತ್ಸವಕ್ಕೆ ಬಂದು ಶಾಲು ಹೊದಿಸಿ, ಬಾವುಟ ಹಾರಿಸಿ, ಮೈಕಿನಲ್ಲಿ "ಗಡಿ ಕನ್ನಡಿಗರೇ ಕನ್ನಡದ ಕಾವಲುಗಾರರು" ಎಂದು ಹೇಳಿ ಸಂಜೆ ಕಾರು ಹತ್ತುವವರೇ, ಕಾವಲು ಕಾಯುವವರ ಮಕ್ಕಳೂ ಓದಬೇಕು. ಶಾಲು ಬೇಡ, ಆ ದುಡ್ಡಿಗೆ ಗಾಜಿನ ಸ್ಲೈಡುಗಳನ್ನು ತನ್ನಿ. ಪೋಷಕರೇ, ಶಾಲಾ ಸಮಿತಿಯವರೇ, ಮುಂದಿನ ಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ನಿರ್ಣಯ ಮಾಡಿ ಬರೆಯಿಸಿ, ಸಹಿ ಹಾಕಿ, ಜಿಲ್ಲಾಧಿಕಾರಿಗಳಿಗೂ ಪರೀಕ್ಷಾ ಸಂಸ್ಥೆಗೂ ಕಳಿಸಿ. ಅರ್ಜಿ ಕನ್ನಡದಲ್ಲೇ ಇರಲಿ, ಜೊತೆಗೆ ತಮಿಳು, ಇಂಗ್ಲಿಷ್ ಪ್ರತಿಯೂ ಇರಲಿ. ಮೂರೂ ಭಾಷೆ ನಮಗೆ ಬರುತ್ತದೆ ಎಂದು ಅವರಿಗೂ ಗೊತ್ತಾಗಲಿ.

ಏನಂತೀರಿ?