ಉಗುರೇ ಮುಳ್ಳಾದಾಗ

ಶಾಲೆಗೆ ಹೊರಟ ಹುಡುಗ ಶೂ ಹಾಕಿಕೊಳ್ಳಲು ಒಲ್ಲೆ ಎನ್ನುತ್ತಾನೆ. ಕಾಲುಚೀಲ ಬಿಚ್ಚಿ ನೋಡಿದರೆ ಹೆಬ್ಬೆರಳು ಉಗುರಿನ ಪಕ್ಕದಲ್ಲಿ ಕೆಂಪಗೆ ಊದಿಕೊಂಡಿದೆ. ಮುಟ್ಟಿದರೆ ಚೀರುತ್ತಾನೆ. ‘ಉಗುರುಸುತ್ತು ಕಣ್ಲಾ, ಒಂದು ನಿಂಬೆಹಣ್ಣು ತಗೊಂಬಾ’ ಎಂದು ಅಜ್ಜಿ ತೀರ್ಪು ಕೊಡುತ್ತಾರೆ. ಕೈಬೆರಳಾಗಿದ್ದರೆ ಅಜ್ಜಿಯ ಮಾತು ಸರಿಯಿರಬಹುದು. ಕಾಲಿನ ಹೆಬ್ಬೆರಳಿನಲ್ಲಿ ಅನೇಕ ವೇಳೆ ಸಂಗತಿಯೇ ಬೇರೆ. ಅಲ್ಲಿ ಉಗುರಿನ ಅಂಚೇ ಮುಳ್ಳಿನಂತೆ ಪಕ್ಕದ ಮಾಂಸಕ್ಕೆ ಇಳಿದಿರುತ್ತದೆ. ಕೀವು ಬರುವುದು ಆಮೇಲೆ. ಆ ಮುಳ್ಳು ಒಳಗಿರುವ ತನಕ ಮಾತ್ರೆ ನುಂಗಿದರೂ, ನಿಂಬೆಹಣ್ಣು ತೊಡಿಸಿದರೂ ನೋವು ಮರಳಿ ಬರುತ್ತದೆ.

ಇದಕ್ಕೆ ಮೊದಲ ಕಾರಣ ಬಿಗಿಯಾದ ಶೂ. ಹಾಸನದ ಪೇಟೆಯಲ್ಲಿ ಕೊಂಡದ್ದಾಗಲಿ, ಶಾಲೆಯಲ್ಲಿ ಕೊಟ್ಟದ್ದಾಗಲಿ, ವರ್ಷಕ್ಕೊಂದು ಜೊತೆ ಎಂಬುದು ಹೆಚ್ಚಿನ ಮನೆಗಳ ಲೆಕ್ಕ. ಬೆಳೆಯುವ ಕಾಲು ಈ ಲೆಕ್ಕ ಕೇಳುವುದಿಲ್ಲ. ಇನ್ನು ತೇವ. ಹೊಳೆನರಸೀಪುರದ ನಾಲೆ ಬಯಲಿನ ಭತ್ತದ ಗದ್ದೆಯಲ್ಲೋ, ಮಳೆಗಾಲದ ಅರಕಲಗೂಡಿನ ಆಲೂಗೆಡ್ಡೆ ಹೊಲದಲ್ಲೋ ದಿನವಿಡೀ ಕೆಸರಿನಲ್ಲಿ ನೆನೆದ ಬೆರಳಿನ ಚರ್ಮ ಮೆತ್ತಗಾಗಿ ಉಗುರಿಗೆ ಸುಲಭವಾಗಿ ದಾರಿ ಬಿಡುತ್ತದೆ. ಎಡವಿದ ಪೆಟ್ಟಿನಿಂದಲೂ ಉಗುರು ಸೊಟ್ಟಗಾಗಬಹುದು. ಶ್ರವಣಬೆಳಗೊಳದ ಬೆಟ್ಟವನ್ನು ಬರಿಗಾಲಲ್ಲಿ ಹತ್ತುವವರು ಮೆಟ್ಟಿಲ ಮೇಲೆ ಕಣ್ಣಿಡುವುದು ಒಳ್ಳೆಯದು.

ಆದರೆ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಬ್ಲೇಡು. ನೋವು ತಾಳಲಾರದೆ ಜನ ಉಗುರಿನ ಮೂಲೆಯನ್ನು ಆಳಕ್ಕೆ ಕೊರೆದು ತೆಗೆಯುತ್ತಾರೆ. ಆ ರಾತ್ರಿ ಹಾಯಾಗಿ ನಿದ್ದೆ ಬರುತ್ತದೆ. ಮೋಸ ಇರುವುದೇ ಇಲ್ಲಿ. ಕಣ್ಣಿಗೆ ಕಾಣದ ಕಡೆ ಒಂದು ಚೂಪಾದ ಚೂರು ಉಳಿದಿರುತ್ತದೆ. ಖಾಲಿಯಾದ ಜಾಗವನ್ನು ಊದಿದ ಮಾಂಸ ತುಂಬುತ್ತದೆ. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಕೆಲವು ವಾರಗಳಲ್ಲಿ ಆ ಚೂರು ಮುಂದೆ ಸರಿದು ನೇರವಾಗಿ ಮಾಂಸಕ್ಕೇ ನಾಟುತ್ತದೆ. ಮತ್ತೆ ಬ್ಲೇಡು, ಮತ್ತೆ ನೋವು.

ಉಗುರಿನ ನಡುವೆ ‘ವಿ’ ಆಕಾರದಲ್ಲಿ ಕತ್ತರಿಸಿದರೆ ಅಂಚುಗಳು ಒಳಕ್ಕೆ ಸರಿಯುತ್ತವೆ ಎಂಬ ನಂಬಿಕೆಯೂ ಇದೆ. ಉಗುರು ಬೆಳೆಯುವುದು ಚರ್ಮದಡಿಯ ಬುಡದಿಂದ. ನಾವು ಕತ್ತರಿಸುವ ತುದಿಯಲ್ಲಿ ಜೀವವಿಲ್ಲ. ಅಲ್ಲಿ ಯಾವ ಆಕಾರ ಕೊರೆದರೂ ಬುಡಕ್ಕೆ ಗೊತ್ತಾಗುವುದಿಲ್ಲ.

ಆರಂಭದಲ್ಲೇ ಗಮನಿಸಿದರೆ ಮನೆಯಲ್ಲೇ ಗುಣವಾಗುವುದುಂಟು. ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಎರಡು ಮೂರು ಸಲ, ಕಾಲು ಗಂಟೆ ಹೊತ್ತು ಕಾಲಿಟ್ಟು, ಆಮೇಲೆ ಚೆನ್ನಾಗಿ ಒರೆಸಬೇಕು. ಮೆತ್ತಗಾದ ಉಗುರಿನ ಮೂಲೆಯಡಿ ಶುದ್ಧವಾದ ಹತ್ತಿಯ ಸಣ್ಣ ಎಳೆಯನ್ನು ಮೆಲ್ಲಗೆ ತೂರಿಸಿ, ದಿನವೂ ಬದಲಿಸುತ್ತಿದ್ದರೆ ಅಂಚು ಮಾಂಸದ ಮೇಲಕ್ಕೆ ಬೆಳೆದು ಬರುತ್ತದೆ. ಅಷ್ಟು ದಿನ ಶೂ ಬೇಡ, ಮುಂದೆ ತೆರೆದ ಚಪ್ಪಲಿ ಸಾಕು.

ಕೀವು ತುಂಬಿದ್ದರೆ, ಉಗುರಿನ ಪಕ್ಕ ಕೆಂಪು ಮಾಂಸ ಉಬ್ಬಿ ಬಂದಿದ್ದರೆ ಈ ಉಪಚಾರ ಸಾಲದು. ಬೆರಳಿನ ಬುಡಕ್ಕೆ ಅರಿವಳಿಕೆ ಚುಚ್ಚುಮದ್ದು ಕೊಟ್ಟು, ಚುಚ್ಚುವ ಅಂಚನ್ನಷ್ಟೇ ಉದ್ದುದ್ದ ಸೀಳಿ ತೆಗೆಯುವುದು ಸಣ್ಣ ಶಸ್ತ್ರಚಿಕಿತ್ಸೆ. ರೋಗಿ ಅದೇ ದಿನ ಮನೆಗೆ ಹೋಗಬಹುದು. ಇಡೀ ಉಗುರನ್ನೇ ಕೀಳಿಸಿಕೊಂಡವರಿಗೆ ಹೊಸತು ಪೂರ್ತಿ ಬರಲು ವರ್ಷ, ಒಂದೂವರೆ ವರ್ಷ ಬೇಕು, ಬಂದ ಮೇಲೆ ಮತ್ತೆ ಚುಚ್ಚಲೂಬಹುದು. ಅದಕ್ಕೇ ತೆಗೆದ ಅಂಚಿನ ಬುಡಕ್ಕೆ ಫಿನಾಲ್ ಹಚ್ಚಿ ಅಲ್ಲಿ ಉಗುರು ಮರಳಿ ಹುಟ್ಟದಂತೆ ಮಾಡುತ್ತಾರೆ. 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಒಬ್ಬ ಬಾಲಕನ ಮುರಿದ ಕಾಲಿನ ಗಾಯ ಕೊಳೆಯದಂತೆ ಕಾಪಾಡಿದ್ದು ಇದೇ ವಸ್ತುವಿನಿಂದ. ಆಗಿನ ಹೆಸರು ಕಾರ್ಬಾಲಿಕ್ ಆಮ್ಲ. ಚರ್ಮ ಸುಡುವ ವಸ್ತುವಾದ್ದರಿಂದ ಇದು ವೈದ್ಯರ ಕೈಯಲ್ಲೇ ಇರಬೇಕು.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಮನೆಮದ್ದಿನ ಮಾತೇ ಬೇಡ. ಎಷ್ಟೋ ಜನರಿಗೆ ಪಾದದ ಸ್ಪರ್ಶ ಕುಂದಿ, ಉಗುರು ನಾಟಿದ್ದೂ ತಿಳಿಯುವುದಿಲ್ಲ, ನೀರಿನ ಬಿಸಿಯೂ ತಿಳಿಯುವುದಿಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟದ ಯಜಮಾನರು ‘ನೋವಿಲ್ಲವಲ್ಲ’ ಎಂದು ಸುಮ್ಮನಿದ್ದರೆ, ಹುಣ್ಣು ಮೂಳೆಗಿಳಿದು ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಕೆಂಪು ಕಂಡ ದಿನವೇ ಅವರು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

ಉಳಿದವರು ಸ್ನಾನವಾದ ಮೇಲೆ, ಉಗುರು ಮೆತ್ತಗಿರುವಾಗ, ನೆಲ್ ಕಟರಿನಿಂದ ಅಡ್ಡಕ್ಕೆ ನೇರವಾಗಿ ಕತ್ತರಿಸಲಿ. ಮೂಲೆಗಳು ಚರ್ಮದ ಮೇಲೆ ಕಾಣುವಷ್ಟು ಉಳಿಯಲಿ. ಮಕ್ಕಳಿಗೆ ಶೂ ಕೊಳ್ಳುವುದು ಸಂಜೆ ಹೊತ್ತಿನಲ್ಲಾದರೆ ಮೇಲು, ಆಗ ಪಾದ ಕೊಂಚ ಉಬ್ಬಿರುತ್ತದೆ. ಎರಡೂ ಕಾಲಿಗೆ ಹಾಕಿಸಿ, ನಿಲ್ಲಿಸಿ, ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗವಿದೆಯೇ ಎಂದು ಒತ್ತಿ ನೋಡಬೇಕು. ದಸರಾ ರಜೆ ಮುಗಿದ ಮೇಲೆ ಇನ್ನೊಮ್ಮೆ ನೋಡಬೇಕು.