ಮೊದಲ ಖರ್ಚು ಇಂಜಿನ್‌ಗೆ ಬೇಡ, ಟೈರ್‌ಗೆ ಇರಲಿ

ನಮ್ಮ ಕಾಮರ್ಸ್ ವಿಭಾಗದಲ್ಲಿ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದ ದುಃಖ ಬಿಟ್ಟರೆ ಅತಿ ಹೆಚ್ಚು ಮಾತು ನಡೆಯುವುದು ಕಾರಿನ ಬಗ್ಗೆ, ಅದರಲ್ಲೂ ಟರ್ಬೊ ಕಾರಿನ ಬಗ್ಗೆ. ನಮಗಿನ್ನೂ ಹದಿನೆಂಟು ತುಂಬಿಲ್ಲ, ಲೈಸೆನ್ಸ್ ಇಲ್ಲ. ಆದರೂ ಸ್ಟೇಜ್ 1 ಮಾಡಿಸಿದರೆ ಎಷ್ಟು ಬಿಎಚ್‌ಪಿ ಬರುತ್ತದೆ ಎಂದು ಕೇಳಿದರೆ ಕೊನೆಯ ಬೆಂಚಿನಿಂದ ಮೂರು ಬೇರೆ ಬೇರೆ ಉತ್ತರ ಒಟ್ಟಿಗೇ ಬರುತ್ತವೆ. ಹೊಸ ಕಾರಿಗೆ ಮೊದಲು ಏನು ಮಾಡಿಸಬೇಕು ಎಂಬ ಈ ಚರ್ಚೆಯಲ್ಲಿ ನನ್ನ ಅಭಿಪ್ರಾಯ ತರಗತಿಯ ಬಹುಮತಕ್ಕೆ ವಿರುದ್ಧವಾಗಿದೆ. ಇಂಜಿನ್ ಮುಟ್ಟಬೇಡಿ, ಟೈರ್‌ನಿಂದ ಶುರುಮಾಡಿ ಎನ್ನುವವಳು ನಾನು.

ನನಗೆ ಇದು ಬರೀ ಬೆಂಚಿನ ಚರ್ಚೆಯಲ್ಲ. ನಮ್ಮ ದೊಡ್ಡಪ್ಪನ ಮಗ, ನಾವೆಲ್ಲ ಭಾಯಿಜಾನ್ ಅನ್ನುತ್ತೇವೆ, ಐದು ವರ್ಷ ದುಡಿದು ಕೂಡಿಟ್ಟ ಹಣದಲ್ಲಿ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ತೆಗೆದುಕೊಂಡಿದ್ದಾರೆ. ಅದರ ಮೇಲೆ ಖರ್ಚು ಮಾಡಲು ಇನ್ನೂ 50 ಸಾವಿರ ಎತ್ತಿಟ್ಟಿದ್ದಾರೆ. ರೀಮ್ಯಾಪ್ ಮಾಡಿಸು ಎಂದು ಗೆಳೆಯರ ಒತ್ತಾಯ. ದಾದಿ ಕೇಳುವುದು ಒಂದೇ ಪ್ರಶ್ನೆ: "ಇತ್ತಾ ಪೈಸಾ ಕಾಯ್ಕು?" ಇಷ್ಟು ದುಡ್ಡು ಯಾಕೆ ಅಂತ. ರಜೆಯಲ್ಲಿ ನಾವು ಹಾಸನದ ಕಡೆಯಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವಾಗ ಆ ಕಾರಿನ ಹಿಂದಿನ ಸೀಟಿನಲ್ಲಿ ದಾದಿಯ ಪಕ್ಕ ಕೂರುವವಳು ನಾನು. ಹಾಗಾಗಿ ಆ 50 ಸಾವಿರದ ವಿಷಯದಲ್ಲಿ ನನಗೂ ಒಂದು ಓಟು ಇದೆ ಎಂದುಕೊಂಡಿದ್ದೇನೆ.

ಇಂಜಿನ್ ಲೆಕ್ಕ ನೋಡೋಣ. ವರ್ಟಸ್ ಜಿಟಿಯದು 1498 ಸಿಸಿ ಇಂಜಿನ್. ಶಕ್ತಿ 150 ಪಿಎಸ್, ಟಾರ್ಕ್ 250 ನ್ಯೂಟನ್ ಮೀಟರ್. ಸೈಲೆನ್ಸರ್‌ನಿಂದ ಸುಮ್ಮನೆ ಹೊರಹೋಗಬೇಕಿದ್ದ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತದೆ. ರದ್ದಿ ಮಾರಿ ಬಂಡವಾಳ ಮಾಡಿದ ಹಾಗೆ. ಅದಕ್ಕೇ ಇಷ್ಟು ಸಣ್ಣ ಇಂಜಿನ್ 1600 ಆರ್‌ಪಿಎಂನಲ್ಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಸ್ಟೇಜ್ 1 ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ, ಟರ್ಬೊ ಇನ್ನೂ ಜೋರಾಗಿ ಗಾಳಿ ಒತ್ತುವಂತೆ ಮಾಡುವುದು. ಒಂದು ನಟ್ಟು ಬಿಚ್ಚುವ ಕೆಲಸವೂ ಇಲ್ಲ, ಲ್ಯಾಪ್‌ಟಾಪ್ ಸಾಕು. ಇದೇ ಅದರ ಆಕರ್ಷಣೆ.

ಆದರೆ ಆ ಟಾರ್ಕ್ ಚಕ್ರಕ್ಕೆ ಹೋಗುವುದು ಗೇರ್‌ಬಾಕ್ಸ್ ಮೂಲಕ. ಭಾಯಿಜಾನ್ ಅವರ ಕಾರಿನಲ್ಲಿರುವುದು ಏಳು ಗೇರಿನ ಡಿಎಸ್‌ಜಿ, ಡ್ರೈ ಕ್ಲಚ್‌ನದು. ಕಂಪನಿಯ ಒಳಗೆ ಅದರ ಹೆಸರು ಡಿಕ್ಯೂ200. ಅದನ್ನು ವಿನ್ಯಾಸ ಮಾಡಿರುವುದೇ 250 ನ್ಯೂಟನ್ ಮೀಟರ್‌ವರೆಗಿನ ಟಾರ್ಕ್‌ಗೆ. ಇಂಜಿನ್ ಈಗಲೇ ಕೊಡುತ್ತಿರುವುದು ಎಷ್ಟು? 250. ನಾವು ಕಾಸ್ಟಿಂಗ್‌ನಲ್ಲಿ ಓದುವ ಮಾರ್ಜಿನ್ ಆಫ್ ಸೇಫ್ಟಿ ಇಲ್ಲಿ ಕಾಗದದ ಮೇಲೆ ಸೊನ್ನೆ. ಅದರ ಮೇಲೆ ಇನ್ನಷ್ಟು ಹೇರಿದರೆ ನಾಳೆಯೇ ಒಡೆಯುತ್ತದೆ ಎಂದು ನಾನು ಹೇಳುವುದಿಲ್ಲ. "ಎಷ್ಟೋ ಜನ ಮಾಡಿಸಿದ್ದಾರೆ, ಏನೂ ಆಗಿಲ್ಲ" ಎಂಬ ಉತ್ತರ ನಾನೂ ಕೇಳಿದ್ದೇನೆ. ಆದರೆ ಕ್ಲಚ್ ಸವೆದ ದಿನ ವಾರಂಟಿ ಕೇಳಲು ಹೋದಾಗ ಆ ಎಷ್ಟೋ ಜನ ಜೊತೆಗೆ ಬರುವುದಿಲ್ಲವಲ್ಲ.

ವಿಮೆಯ ಮಾತು ಇನ್ನೂ ನೇರ. ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ವಿಮೆಯ ತತ್ವಗಳನ್ನು ಓದಿದ್ದೇವೆ. ಮೊದಲನೆಯದು ಪರಮ ವಿಶ್ವಾಸದ ತತ್ವ. ವಿಮೆ ಮಾಡಿಸುವವನು ಅಪಾಯದ ಲೆಕ್ಕ ಬದಲಿಸುವ ಯಾವ ಸಂಗತಿಯನ್ನೂ ಕಂಪನಿಯಿಂದ ಮುಚ್ಚಿಡಬಾರದು. ಎರಡು ಅಂಕಕ್ಕೆ ಬರೆದು ಮರೆತುಬಿಟ್ಟಿದ್ದೇವೆ. ಇಂಜಿನ್‌ನ ಶಕ್ತಿ ಹೆಚ್ಚಿಸಿ ಕಂಪನಿಗೆ ತಿಳಿಸದೆ ಇದ್ದರೆ, ಅಪಘಾತವಾದಾಗ ಕ್ಲೇಮ್ ನಿರಾಕರಿಸಲು ನಾವೇ ಕಾರಣ ಬರೆದುಕೊಟ್ಟ ಹಾಗೆ. ತಿಳಿಸಿದರೆ ಪ್ರೀಮಿಯಂ ಹೆಚ್ಚಾಗಬಹುದು. ರೀಮ್ಯಾಪ್ ಮಾಡುವವರ ದರಪಟ್ಟಿಯಲ್ಲಿ ಈ ಸಾಲು ಇರುವುದಿಲ್ಲ.

ಜೋರು ಸದ್ದಿನ ಎಕ್ಸಾಸ್ಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಮ್ಮ ಕಾಲೇಜಿನ ರಸ್ತೆಯಲ್ಲಿ ಒಂದು ಸಲ ಅದು ಹಾದುಹೋದರೆ ಅಕೌಂಟೆನ್ಸಿ ತರಗತಿ ಅರ್ಧ ನಿಮಿಷ ನಿಲ್ಲುತ್ತದೆ. ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ 10 ಸಾವಿರ ರೂಪಾಯಿವರೆಗೆ ದಂಡ ಇದೆ. 2019ರ ಜನವರಿಯಲ್ಲಿ ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 52ನೇ ಕಲಮನ್ನು ಎತ್ತಿಹಿಡಿಯಿತು. ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ ಎಂಬುದು ಅದರ ಸಾರ. ಅದೇ ಅಳತೆಯ ಒಳ್ಳೆಯ ಟೈರ್ ಹಾಕಿದರೆ ಆರ್‌ಸಿಯ ಒಂದು ಅಕ್ಷರವೂ ಬದಲಾಗುವುದಿಲ್ಲ.

ಇನ್ನು ಟೈರ್. 250 ನ್ಯೂಟನ್ ಮೀಟರ್ ಇರಲಿ, ಬ್ರೇಕ್ ಇರಲಿ, ಸ್ಟೀರಿಂಗ್ ಇರಲಿ, ಎಲ್ಲವೂ ರಸ್ತೆಯನ್ನು ಮುಟ್ಟುವುದು ನಾಲ್ಕು ಜಾಗದಲ್ಲಿ. ಒಂದೊಂದೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ವರ್ಟಸ್‌ನಲ್ಲಿ ಇಂಜಿನ್ ಎಳೆಯುವುದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ಟಾರ್ಕ್ ಅಷ್ಟು ಬೇಗ ಬರುವುದರಿಂದ ಮಳೆಯಲ್ಲಿ ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಒತ್ತಿದರೂ ಆ ಚಕ್ರಗಳು ಜಾರಲು ನೋಡುತ್ತವೆ. ಇರುವ ಶಕ್ತಿಯನ್ನೇ ರಸ್ತೆಗೆ ಇಳಿಸಲು ಟೈರ್ ಕಷ್ಟಪಡುತ್ತಿರುವಾಗ ಇನ್ನಷ್ಟು ಶಕ್ತಿ ತಂದು ಎಲ್ಲಿಡುವುದು? ನಿಲ್ಲಿಸುವಾಗಲೂ ಅಷ್ಟೇ. ವೇಗದ ವರ್ಗಕ್ಕೆ ತಕ್ಕಂತೆ ಬ್ರೇಕಿನ ಕೆಲಸ ಏರುತ್ತದೆ. 60ರ ವರ್ಗ 3600, 80ರ ವರ್ಗ 6400. ಮೀಟರಿನಲ್ಲಿ ಹೆಚ್ಚಿದ್ದು ಬರೀ 20, ನಿಲ್ಲಲು ಬೇಕಾದ ದೂರ ಹೆಚ್ಚಿದ್ದು ಮುಕ್ಕಾಲು ಪಾಲಿಗಿಂತ ಜಾಸ್ತಿ. ಘಾಟಿಯ ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ಬಂದಾಗ ಕೆಲಸಕ್ಕೆ ಬರುವುದು ಈ ಲೆಕ್ಕ.

"ಹೊಸ ಕಾರಿನ ಹೊಸ ಟೈರ್ ಕಿತ್ತು ಹಾಕುವುದು ದುಂದುವೆಚ್ಚವಲ್ಲವೇ?" ಎಂದು ಅಬ್ಬು ಕೇಳಿದರು. ನ್ಯಾಯವಾದ ಪ್ರಶ್ನೆ. ಭಾಯಿಜಾನ್ ಮತ್ತು ನಾನು ವಿಚಾರಿಸಿದ ಅಂಗಡಿಯಲ್ಲಿ ಹಸಿ ರಸ್ತೆಗೆ ಒಳ್ಳೆಯ ಹಿಡಿತವಿರುವ ನಾಲ್ಕು ಟೈರ್‌ಗೆ 42 ಸಾವಿರ ಹೇಳಿದರು. ಹೆಚ್ಚು ಓಡದ ಹಳೆಯ ನಾಲ್ಕಕ್ಕೆ 14 ಸಾವಿರ ಕೊಡುತ್ತೇವೆ ಎಂದರು. ಅಲ್ಲಿಗೆ ಕೈಯಿಂದ ಹೋಗುವುದು 28 ಸಾವಿರ. ಕಾರು 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೇಳಿದರೆ ಹಳೆಯದಕ್ಕೆ ಏನೂ ಸಿಗುವುದಿಲ್ಲ. ಉಳಿದ ಹಣದಲ್ಲಿ ಮುಂದಿನ ಚಕ್ರಗಳಿಗೆ ಉತ್ತಮ ಬ್ರೇಕ್ ಪ್ಯಾಡ್ ಹಾಕಿಸಬಹುದು. ಹೊಸ ಪ್ಯಾಡ್ ಮೊದಲ 200–300 ಕಿಲೋಮೀಟರ್ ಪೂರ್ತಿ ಹಿಡಿಯುವುದಿಲ್ಲ, ಅಲ್ಲಿಯವರೆಗೆ ನಿಧಾನವಾಗಿ ಓಡಿಸಬೇಕು. ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸುವ ಆಸೆ ಬೇಡ. ಎಬಿಎಸ್ ಅನ್ನು ಹೊಂದಿಸಿರುವುದು ಈಗಿರುವ ಬ್ರೇಕಿಗೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ 230 ಡಿಗ್ರಿಯವರೆಗೂ ಕುದಿಯಬಾರದು ಎಂಬುದು ನಿಯಮ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು, ದೊಡ್ಡ ಖರ್ಚೂ ಅಲ್ಲ.

ದೊಡ್ಡ ರಿಮ್ ಹಾಕಿದರೆ ಕಾರು ಚೆಂದ ಕಾಣುತ್ತದೆ, ಒಪ್ಪಿದೆ. ಈಗಿರುವ ಅಳತೆ 205/55 ಆರ್16. ಅಂದರೆ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ 55, ಸುಮಾರು 113 ಮಿಲಿಮೀಟರ್. 17 ಇಂಚಿನ ರಿಮ್‌ಗೆ 205/50 ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚೇನೂ ಬದಲಾಗುವುದಿಲ್ಲ, ಆದರೆ ಗೋಡೆ 103ಕ್ಕೆ ಇಳಿಯುತ್ತದೆ. ಆ ಒಂದು ಸೆಂಟಿಮೀಟರ್ ರಬ್ಬರಿನ ಬೆಲೆ ಗೊತ್ತಾಗುವುದು ಮಳೆನೀರು ತುಂಬಿದ ಗುಂಡಿಯಲ್ಲಿ. ನಮ್ಮ ರಸ್ತೆಗಳನ್ನು ನೋಡಿದ ಮೇಲೆ ನನ್ನ ಓಟು 16ಕ್ಕೇ.

ಭಾಯಿಜಾನ್ ಇನ್ನೂ ತೀರ್ಮಾನ ಮಾಡಿಲ್ಲ. ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಟೈರ್ ಅಂಗಡಿಗೆ ಹೊರಟಿದ್ದರೆ ಇಷ್ಟು ಹೇಳಿ ಕಳಿಸಿ: ಟೈರಿನ ಪಕ್ಕದಲ್ಲಿ ಸಣ್ಣ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 1425 ಎಂದಿದ್ದರೆ ಅದು ತಯಾರಾದದ್ದು 2025ರ 14ನೇ ವಾರದಲ್ಲಿ. ಒಂದರಲ್ಲಿ ನೋಡಿ ಸುಮ್ಮನಾಗಬೇಡಿ, ನಾಲ್ಕರಲ್ಲೂ ನೋಡಿ ಆಮೇಲೆ ದುಡ್ಡು ಕೊಡಿ.