ನಮ್ಮ ಓಣಿಯ ಓಟಿನ ಲೆಕ್ಕ

ಮೊನ್ನೆ ಹಾಸ್ಟೆಲ್ ಮೆಸ್‌ನಲ್ಲಿ ಮೈಸೂರು ಕಡೆಯ ಗೆಳೆಯ ಅಂದ: "ನಿಮ್ ಬಿಜಾಪುರದ ಕಡೆ ಎಲೆಕ್ಷನ್ ಸಿಂಪಲ್ ಬಿಡೋ. ಲಿಂಗಾಯತರ ಓಟು ಒಂದ್ ಕಡೆ, ಮುಸ್ಲಿಮರ ಓಟು ಇನ್ನೊಂದ್ ಕಡೆ." ಸಿಟ್ಟು ಬಂತು. ಆದರೆ ಊರಾಗ ಚಹಾದಂಗಡಿ ಮುಂದೆ ಕೂತು ನಮ್ಮ ಕಾಕಾನೂ ಇದೇ ಲೆಕ್ಕ ಹಾಕ್ತಾರ.

ಲೆಕ್ಕ ಅಂದಮೇಲೆ ತಾಳೆ ನೋಡಬೇಕಲ್ಲ? 2018ರ ಮಾರ್ಚ್‌ನಲ್ಲಿ ಆಗಿನ ಕಾಂಗ್ರೆಸ್ ಸರ್ಕಾರ ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸು ಮಾಡಿತು. ಮೇ ತಿಂಗಳಲ್ಲಿ ಚುನಾವಣೆ. ಇಂಡಿ, ಬಸವನ ಬಾಗೇವಾಡಿ ಕಾಂಗ್ರೆಸ್‌ಗೆ ಹೋದವು, ಮುದ್ದೇಬಿಹಾಳ ಬಿಜೆಪಿಗೆ, ಸಿಂದಗಿ ಜೆಡಿಎಸ್‌ಗೆ. ಅಕ್ಕಪಕ್ಕದ ನಾಲ್ಕು ಕ್ಷೇತ್ರ, ಮೂರು ಪಕ್ಷ. 2023ರಲ್ಲಿ ನಾಲ್ಕೂ ಕಾಂಗ್ರೆಸ್‌ಗೇ ಬಂದವು. ಐದು ವರ್ಷದಲ್ಲಿ ಮಂದಿ ಧರ್ಮ ಬದಲಿಸಿರಲಿಲ್ಲ.

ನಡುವೆ 2021ರ ಅಕ್ಟೋಬರ್‌ನಲ್ಲಿ ಸಿಂದಗಿ ಉಪಚುನಾವಣೆ. ಎಂ.ಸಿ. ಮನಗೂಳಿಯವರ ನಿಧನದಿಂದ ತೆರವಾದ ಸ್ಥಾನ. ಮಗ ಅಶೋಕ ಮನಗೂಳಿ ಕಾಂಗ್ರೆಸ್‌ನಿಂದ ನಿಂತರು. ಜೆಡಿಎಸ್ ನಾಜಿಯಾ ಅಂಗಡಿ ಅವರಿಗೆ ಟಿಕೆಟ್ ಕೊಟ್ಟಿತು. ಇದು ಮುಸ್ಲಿಂ ಮತ ಒಡೆಯುವ ಆಟ ಎಂದು ಕಾಂಗ್ರೆಸ್‌ನವರು ದೂರಿದರು. ಗೆದ್ದದ್ದು ಬಿಜೆಪಿಯ ರಮೇಶ ಭೂಸನೂರ, 31 ಸಾವಿರ ಮತಗಳ ಅಂತರದಿಂದ. ನಾಜಿಯಾ ಅವರಿಗೆ ಬಿದ್ದದ್ದು ಐದು ಸಾವಿರವೂ ಇಲ್ಲ, ಠೇವಣಿ ಹೋಯಿತು. ಕ್ಷೇತ್ರದ ಮುಸ್ಲಿಂ ಮತದಾರರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಮ್ಮವರೇ ನಿಂತಾರ ಅಂತ ಯಾರೂ ಕಣ್ಣು ಮುಚ್ಚಿ ಒತ್ತಲಿಲ್ಲ.

ಹಾಗಂತ ಧರ್ಮ ಲೆಕ್ಕಕ್ಕೇ ಇಲ್ಲ ಅಂದರೆ ಸುಳ್ಳಾಗ್ತದ. ಸ್ವಧರ್ಮದ ಅಭ್ಯರ್ಥಿಯನ್ನು ಬಿಟ್ಟು, ಯಾರು ಬಂದರೆ ನಮಗೆ ಭಯವಿಲ್ಲ ಎಂದು ಯೋಚಿಸುವುದರಲ್ಲೂ ಧರ್ಮ ಇದೆ. ಟಿಕೆಟ್ ಹಂಚುವಾಗಂತೂ ಇದ್ದೇ ಇದೆ. ಆದರೆ ಬಟನ್ ಒತ್ತುವ ಬೆರಳಿಗೆ ಕಾಲುವೆ ಕೊನೆಗೆ ಬಾರದ ನೀರು, ಮಗಳ ಸ್ಕಾಲರ್‌ಶಿಪ್, ಹಳೇ ಜಗಳ, ಎಲ್ಲವೂ ನೆನಪಿರ್ತಾವ. ಧರ್ಮ ಅದರಲ್ಲಿ ಒಂದು ವೇರಿಯೇಬಲ್. ನಾವು ಅದೊಂದನ್ನೇ ಹಿಡಿದು ಗ್ರಾಫ್ ಎಳೀತೀವಿ.

ಇದು ಬರೇ ಮೆಸ್‌ನ ಹರಟೆಯಾಗಿದ್ದರೆ ನಾನು ಬರೀತಿರಲಿಲ್ಲ. ಇವಿಎಂನಲ್ಲಿ ಯಾರ ಹೆಸರೂ ಇರುವುದಿಲ್ಲ, ಸರಿ. ಆದರೆ ಫಾರ್ಮ್ 20ರಲ್ಲಿ ಬೂತ್‌ವಾರು ಮತ ಪ್ರಕಟವಾಗ್ತದೆ. ಒಂದು ಬೂತಿನಲ್ಲಿ ಹೆಚ್ಚುಕಡಿಮೆ ಒಂದೇ ಓಣಿಯವರಿದ್ದರೆ ಗುಟ್ಟೇನು ಉಳೀತು? ಫಲಿತಾಂಶದ ಮರುದಿನ ನಮ್ಮೂರ ಕಟ್ಟೆ ಮೇಲೆ ಒಬ್ಬರು ಹೇಳಿದ್ದು ನಾನೇ ಕೇಳೀನಿ: "ಆ ಓಣಿಯವ್ರು ನಮಗ ಹಾಕಿಲ್ಲ. ಇನ್ನ ಐದು ವರ್ಷ ಗಟಾರ ಕೇಳ್ಲಿಕ್ಕೆ ಬರಬ್ಯಾಡ ಅನ್ರಿ." ಆ ಓಣಿಯಲ್ಲಿ ಅವರಿಗೇ ಓಟು ಹಾಕಿದವರೂ ಇದ್ದರು. ಗಟಾರ ಅವರ ಮನೆ ಮುಂದೂ ತುಂಬಿತ್ತು.

ಹಲವು ಬೂತುಗಳ ಮತವನ್ನು ಕೂಡಿಸಿ ಎಣಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು. 2015ರಲ್ಲಿ ಕಾನೂನು ಆಯೋಗವೂ ಒಪ್ಪಿತು. ಕೇಂದ್ರ ಸರ್ಕಾರ ಬೇಡ ಅಂದಿತು. ತಾಂತ್ರಿಕವಾಗಿ ಏನೂ ಕಷ್ಟವಿಲ್ಲದ ಯಂತ್ರ ಅದು, ಇ ಅಂಡ್ ಸಿ ಬ್ರಾಂಚಿನವರನ್ನು ಕೇಳಿ ನೋಡಿ. ನಮ್ಮ ಕಾಕಾಗೆ ಹೇಳಿದೆ. "ಮತ್ತ ಯಾವ ಓಣಿ ಯಾರಿಗೆ ಹಾಕ್ತು ಅಂತ ಹ್ಯಾಂಗ ತಿಳೀಬೇಕೋ?" ಅಂದರು. ತಿಳೀಬಾರದು ಅಂತನ ಕಾಕಾ, ಅಂದೆ.